ಮಹಿಷಾಸುರನಿಗೊಂದು ಫುಲ್ ಫ್ರೇಮ್

2016ರಲ್ಲಿ ನಿಕಾನ್ ಕಂಪನಿ ಡಿ5 ಎಂಬ ಕ್ಯಾಮೆರಾ ಬಿಟ್ಟಿತು. ಅದರ ಐಎಸ್‌ಒ, ಅಂದರೆ ಕತ್ತಲೆಯಲ್ಲೂ ಕಂಡೀತು ಎನ್ನುವ ಅಂಕಿ, ಎಳೆಯುತ್ತಾ ಹೋದರೆ 32,80,000ದವರೆಗೆ ಹೋಗುತ್ತದೆ. ಒಂದು ಕಾಲದಲ್ಲಿ ಸ್ಟುಡಿಯೋದವರು 400ರ ರೋಲ್ ಹಾಕಿ, ತೊಳೆಯುವಾಗ ಇನ್ನಷ್ಟು ಹೊತ್ತು ದ್ರಾವಣದಲ್ಲಿ ಬಿಟ್ಟು, ಹೇಗೋ 1600ಕ್ಕೆ ಎಳೆದರೆ ಅದೇ ದೊಡ್ಡ ಸಾಹಸ. ಹಾಗಾದರೆ 32 ಲಕ್ಷದ ಐಎಸ್‌ಒದಲ್ಲಿ ತೆಗೆದ ಫೋಟೋ ಹೇಗಿರುತ್ತದೆ? ಬಣ್ಣ ಕಲಸಿದ ಚಿರೋಟಿ ರವೆ ಚೆಲ್ಲಿದ ಹಾಗಿರುತ್ತದೆ. ಆ ರವೆಯೊಳಗೆ ಮನುಷ್ಯ ನಿಂತಿದ್ದಾನೋ ಎಮ್ಮೆ ಮಲಗಿದೆಯೋ ಎಂಬುದು ನೋಡುವವರ ಭಕ್ತಿಗೆ ಬಿಟ್ಟದ್ದು. ಅದರಿಂದೇನೂ ನಷ್ಟವಿಲ್ಲ. ಆ ಅಂಕಿಯನ್ನು ಫೋಟೋ ತೆಗೆಯಲೆಂದು ಇಟ್ಟದ್ದೇ ಅಲ್ಲ, ಓದಲೆಂದು ಇಟ್ಟದ್ದು. ರಾತ್ರಿ ಹನ್ನೊಂದರ ಮೇಲೆ, ಹೆಂಡತಿ ಮಕ್ಕಳು ಮಲಗಿದ ನಂತರ, ಮಗ್ಗುಲಾಗಿ ಮೊಬೈಲ್ ಹಿಡಿದುಕೊಂಡು ಗಂಡಸರು ಓದುವ ಸಾಹಿತ್ಯ ಅದು.

ನಮ್ಮ ಭಾವ ಈ ಸಾಹಿತ್ಯದ ಗಂಭೀರ ಓದುಗರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಬೆಳಕಿನ ಪಾಠ ಎಂದರೆ ಅವರದ್ದೇ ಎಂದು ಮಕ್ಕಳು ಹೇಳುತ್ತಾರೆ. ಅವರ ಹತ್ತಿರ ಹತ್ತು ವರ್ಷ ಹಳೆಯ ಒಂದು ಡಿಎಸ್‌ಎಲ್‌ಆರ್ ಉಂಟು, ಅದರ ಪೆಟ್ಟಿಗೆಯಲ್ಲೇ ಬಂದ 18-55 ಲೆನ್ಸ್ ಉಂಟು, ಯಕ್ಷಗಾನದ ಹುಚ್ಚು ಉಂಟು. ಮೂರೂ ಒಟ್ಟಿಗೆ ಸೇರಿದಾಗ ಸಮಸ್ಯೆ. ದೀಪಾವಳಿಗೆ ಮೇಳಗಳು ಹೊರಟರೆ ಪತ್ತನಾಜೆಯವರೆಗೆ ಕರಾವಳಿಯಲ್ಲಿ ಎಲ್ಲಾದರೊಂದು ಕಡೆ ಚೆಂಡೆ ಕೇಳುತ್ತಲೇ ಇರುತ್ತದೆ, ಭಾವನ ಬೈಕು ಆ ಕಡೆಗೆ ತಿರುಗುತ್ತಲೇ ಇರುತ್ತದೆ. ಬೆಳಿಗ್ಗೆ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ದೇವಿಗೆ ಮುಖವಿಲ್ಲ, ಚಂಡ ಮುಂಡರಿಗೆ ತಲಾ ನಾಲ್ಕು ಕೈ, ಧೀಂಗಿಣ ಹಾರಿದವನು ಕೆಂಪು ಗೆರೆಯಾಗಿ ಪರದೆಯಿಂದಲೇ ಹೊರಗೆ ಹೋಗಿರುತ್ತಾನೆ. ಸರಿಯಾಗಿ ಬಂದದ್ದು ಚೆಂಡೆಯ ಪಕ್ಕದಲ್ಲಿ ಇಟ್ಟ ನೀರಿನ ಬಾಟಲಿ ಒಂದೇ. ಅದು ಕುಣಿಯುವುದಿಲ್ಲವಲ್ಲ.

"ಲೋ ಲೈಟಿಗೆ ಒಂದು ಕ್ಯಾಮೆರಾ ತೆಗೆಯಬೇಕು ಮಾರಾಯ," ಎಂದರು ಭಾವ. "ಬಜೆಟ್ ನಲವತ್ತು ಸಾವಿರ. ಒಂದು ರೂಪಾಯಿ ಮೇಲೆ ಹೋಗುವುದಿಲ್ಲ."

ಆ ಒಂದು ರೂಪಾಯಿಯ ಮಾತು ಅಕ್ಕನಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದರು.

ಕ್ಯಾಮೆರಾ ತೆಗೆಯುವುದು ಎಂದರೆ ಮೊದಲು ಸಲಹೆ ತೆಗೆದುಕೊಳ್ಳುವುದು. ಸ್ಟಾಫ್ ರೂಮಿನಲ್ಲಿ ಕಾಮರ್ಸಿನವರೊಬ್ಬರು ಕ್ಯಾಮೆರಾ ಬಲ್ಲವರು. ಫೋಟೋ ತೆಗೆದದ್ದನ್ನು ಯಾರೂ ನೋಡಿಲ್ಲ, ಆದರೆ ಬಲ್ಲವರು. ಅವರು ಭಾವನ ಕ್ಯಾಮೆರಾವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಕ್ರಾಪ್ ಸೆನ್ಸರ್, ಇದರಲ್ಲಿ ರಾತ್ರಿ ಆಗುವುದಿಲ್ಲ, ಫುಲ್ ಫ್ರೇಮ್ ಬೇಕು ಎಂದು ತೀರ್ಪು ಕೊಟ್ಟರು. ಅಂದಿನಿಂದ ಭಾವನಿಗೆ ಫುಲ್ ಫ್ರೇಮಿನ ಹೆಸರೇ ಜಪ.

ಲೆಕ್ಕ ನೋಡೋಣ, ಏಕೆಂದರೆ ಭಾವ ನೋಡಲಿಲ್ಲ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36ಕ್ಕೆ 24 ಮಿಲಿಮೀಟರ್. ಭಾವನದ್ದು ಹೆಚ್ಚುಕಡಿಮೆ 23.5ಕ್ಕೆ 15.6. ಗುಣಿಸಿ ಭಾಗಿಸಿದರೆ ದೊಡ್ಡದರ ವಿಸ್ತೀರ್ಣ ಚಿಕ್ಕದರ ಎರಡೂ ಕಾಲು ಪಟ್ಟಿಗಿಂತ ಚೂರು ಹೆಚ್ಚು. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಎನ್ನುವ ಫೋಟೋಗ್ರಫಿಯವರ ಲೆಕ್ಕದಲ್ಲಿ ಒಂದೂ ಕಾಲು ಸ್ಟಾಪಿನ ಲಾಭ. ಲಾಭವೇ, ಇಲ್ಲವೆನ್ನುವುದಿಲ್ಲ. ಈಗ ಆ ಕ್ಯಾಮೆರಾದ ಮೂತಿಗೆ ಸಿಕ್ಕಿಸಿದ ಲೆನ್ಸ್ ನೋಡಿ. 18-55ರ ಉದ್ದದ ತುದಿಯಲ್ಲಿ ಅದು ತೆರೆದುಕೊಳ್ಳುವುದು ಎಫ್/5.6ರಷ್ಟು ಮಾತ್ರ; ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಅದನ್ನು ಕಳಚಿಟ್ಟು ಎಫ್/1.8ರ ಒಂದು 50 ಎಂಎಂ ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಹತ್ತಿರಹತ್ತಿರ ಹತ್ತು ಪಟ್ಟು. ಎರಡೂ ಕಾಲು ಅಲ್ಲ, ಹತ್ತು. 1.8ರಲ್ಲಿ 1600 ಐಎಸ್‌ಒ ಸಾಕಾಗುವ ವೇದಿಕೆಗೆ 5.6ರಲ್ಲಿ 15,000 ದಾಟಬೇಕು. ಹತ್ತು ಪಟ್ಟಿನದಕ್ಕೆ ಹತ್ತು ಹದಿನೈದು ಸಾವಿರ, ಎರಡೂ ಕಾಲು ಪಟ್ಟಿನದಕ್ಕೆ ಲಕ್ಷದ ಹತ್ತಿರ. ಪರೀಕ್ಷೆಯಲ್ಲಿ ಈ ಲೆಕ್ಕ ತಪ್ಪಿದ ಹುಡುಗನಿಗೆ ಭಾವ ಒಂದು ಮಾರ್ಕೂ ಕೊಡುವವರಲ್ಲ.

ಫೋಟೋದಲ್ಲಿ ಕಾಣುವ ಆ ರವೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಅವರೇ ನನಗೆ ಕಲಿಸಿದ್ದು. ಬೆಳಕು ಕಣಕಣವಾಗಿ ಬರುತ್ತದೆ, ಒಂದೇ ಸಮನೆ ಬರುವುದಿಲ್ಲ. ನೂರು ಫೋಟಾನ್ ಬರಬೇಕಾದ ಕಡೆ ಹತ್ತರಷ್ಟು ಏರುಪೇರು ಸಹಜ. ಹತ್ತು ಸಾವಿರ ಬರುವ ಕಡೆ ಏರುಪೇರು ನೂರು, ಅಂದರೆ ಬರೀ ಶೇಕಡಾ 1. ಬೆಳಕು ಕಡಿಮೆಯಾದಷ್ಟೂ ಗದ್ದಲವೇ ದೊಡ್ಡದಾಗಿ ಕಾಣುತ್ತದೆ, ಐಎಸ್‌ಒ ಏರಿಸಿದರೆ ಬೆಳಕೇನೂ ಹೆಚ್ಚುವುದಿಲ್ಲ, ಇದ್ದದ್ದನ್ನೇ ಜೋರಾಗಿ ಹೇಳಿದಂತಾಗುತ್ತದೆ ಅಷ್ಟೇ. ಇಷ್ಟನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲ ಮನುಷ್ಯ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಕೇಳುವುದು: "ಇದು ಎಷ್ಟು ಐಎಸ್‌ಒ ಹೋಗ್ತದೆ?"

ನಾನು 50 ಎಂಎಂ ವಿಷಯ ಎತ್ತಿದೆ. ಭಾವ ನಕ್ಕರು. "ಅದು ಬಿಗಿನರುಗಳು ತೆಗೆಯುವ ಲೆನ್ಸ್ ಮಾರಾಯ. ಜೂಮೇ ಇಲ್ಲ." ಕಾಮರ್ಸಿನವರು ಇನ್ನೊಂದು ಬಾಣ ಬಿಟ್ಟರು: 1.8ಕ್ಕೆ ತೆರೆದರೆ ಫೋಕಸ್ ಕೂದಲೆಳೆಯಷ್ಟೇ, ಮೂಗು ಬಂದರೆ ಕಿವಿ ಇಲ್ಲ. ಮುಖದ ಹತ್ತಿರ ಹೋಗಿ ತೆಗೆದರೆ ನಿಜ. ಆದರೆ ರಂಗಸ್ಥಳದ ಎದುರು ಐದು ಮೀಟರ್ ದೂರದಲ್ಲಿ ಕೂತವನಿಗೆ ಭಾವನಂಥ ಕ್ಯಾಮೆರಾದಲ್ಲಿ ಮುಕ್ಕಾಲು ಮೀಟರಿನಷ್ಟು ಆಳ ಸಿಗುತ್ತದೆ, ಅದರಲ್ಲಿ ಒಬ್ಬ ವೇಷಧಾರಿ ಭುಜಕೀರ್ತಿ ಸಮೇತ ಹಿಡಿಸುತ್ತಾನೆ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಅದೇ ಐದು ಮೀಟರಿನಿಂದ ಎರಡೂ ಕಾಲು ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ, ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಸರಿಯಾಗಿ. ಯಕ್ಷಗಾನಕ್ಕೆಂದೇ ಯಾರೋ ಅಳತೆ ಕೊಟ್ಟು ಮಾಡಿಸಿದಂತಿದೆ. ತೊಡಕು ಒಂದೇ. ಐದು ಮೀಟರ್ ದೂರದಲ್ಲಿ ಕೂರಬೇಕಾದರೆ ಒಂಬತ್ತಕ್ಕೇ ಹೋಗಿ ಮುಂದಿನ ಚಾಪೆ ಹಿಡಿಯಬೇಕು. ಭಾವ ಊಟ ಮುಗಿಸಿ, ವಾರ್ತೆ ನೋಡಿ, ಹನ್ನೊಂದಕ್ಕೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರುವವರು. ಕಾಲಿನಲ್ಲಿ ಬಗೆಹರಿಯುವ ತಾಪತ್ರಯವನ್ನು ಕಾಸಿನಲ್ಲಿ ಬಗೆಹರಿಸುವುದಕ್ಕೆ ಈಗ ಹವ್ಯಾಸ ಎಂದು ಹೆಸರು.

"ಒಂದು ರಾತ್ರಿಗೆ ಒಳ್ಳೆಯ ಲೆನ್ಸ್ ಬಾಡಿಗೆಗೆ ತರಬಹುದಲ್ಲ ಭಾವ?" ಎಂದೂ ಕೇಳಿದೆ.

"ಬಾಡಿಗೆ ಲೆನ್ಸಿನಲ್ಲಿ ತೆಗೆದ ಫೋಟೋ ನಮ್ಮದು ಅಂತ ಆಗ್ತದಾ?"

ಬಾಡಿಗೆ ಮನೆಯಲ್ಲೇ ಹುಟ್ಟಿದ ಅವರ ಮಗ ಪಕ್ಕದಲ್ಲೇ ಕೂತಿದ್ದ, ಏನೂ ಹೇಳಲಿಲ್ಲ.

ನಲವತ್ತು ಸಾವಿರಕ್ಕೆ ಹೊಸ ಫುಲ್ ಫ್ರೇಮ್ ಬರುವುದಿಲ್ಲ ಎಂದು ಖಚಿತವಾದ ಮೇಲೆ ಸೆಕೆಂಡ್ ಹ್ಯಾಂಡಿನ ಅಧ್ಯಾಯ ಶುರುವಾಯಿತು. ಈ ದಾರಿ ನಿಜಕ್ಕೂ ಕೆಟ್ಟದ್ದೇನಲ್ಲ. ಮಿರರ್‌ಲೆಸ್ ಗಾಳಿ ಬೀಸಿದ ಮೇಲೆ ಒಳ್ಳೊಳ್ಳೆ ಡಿಎಸ್‌ಎಲ್‌ಆರ್‌ಗಳು ಅನಾಥವಾಗಿವೆ. 2012ರ ಕ್ಯಾನನ್ 6ಡಿ, 2014ರ ನಿಕಾನ್ ಡಿ750, ಎರಡೂ ಫುಲ್ ಫ್ರೇಮ್, ಎರಡೂ ರಾತ್ರಿಗೆ ಇವತ್ತಿಗೂ ಗಟ್ಟಿ. ಮಾರುವವರ ಮಾತೊಂದನ್ನು ಬಿಟ್ಟರೆ ಬೇರೆ ಅಪಾಯ ಕಡಿಮೆ. ಎಲ್ಲ ಕ್ಯಾಮೆರಾಗಳೂ ಬರೀ ಹಾಬಿಗೆ ಬಳಸಿದವು, ಎಲ್ಲವೂ ಒಬ್ಬ ಡಾಕ್ಟರದ್ದು, ಯಾವುದೂ ಮದುವೆ ಮನೆಯ ಮುಖವನ್ನೇ ಕಂಡದ್ದಲ್ಲ. ಶಟರ್ ಕೌಂಟ್ ಕೇಳಿದರೆ ಹನ್ನೆರಡು ಸಾವಿರ ಎನ್ನುತ್ತಾರೆ. ಹಿಡಿಕೆಯ ರಬ್ಬರ್ ನೋಡಿದರೆ ಬೆರಳಿನ ಗುರುತು ಬಿದ್ದು ನುಣುಪಾಗಿರುತ್ತದೆ, ಬೆಲ್ಟಿನ ಮೇಲೆ ಯಾವುದೋ ಸ್ಟುಡಿಯೋದ ಹೆಸರು ಅರ್ಧ ಅಳಿಸಿರುತ್ತದೆ. ಡಿ750ರ ಶಟರನ್ನು ಒಂದೂವರೆ ಲಕ್ಷ ಸಲಕ್ಕೆಂದು ಕಂಪನಿ ಪರೀಕ್ಷಿಸಿದೆ. ಒಂದು ಸೀಸನ್ನಿನ ಮದುವೆಗಳಿಗೆ ಅದರಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಆಲ್ಬಮ್ಮಿನ ದಪ್ಪ ನೋಡಿದವರು ಊಹಿಸಬಹುದು.

ಒಂದು ಲೆನ್ಸ್ ನೋಡಲು ನಾನೂ ಜತೆಗೆ ಹೋಗಿದ್ದೆ. ಮೇಲಿಂದ ನೋಡಿದರೆ ಗಾಜು ಫಳಫಳ. ಮೊಬೈಲಿನ ಟಾರ್ಚ್ ಹಚ್ಚಿ, ಹಿಂದಿನ ತುದಿಯಿಂದ ಬೆಳಕು ಬಿಟ್ಟು, ಮುಂದಿನಿಂದ ಓರೆಯಾಗಿ ಕಣ್ಣಿಟ್ಟರೆ ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಬಿಳಿಯ ಎಳೆಗಳು ಕವಲೊಡೆದು ಹರಡಿದ್ದವು. ಫಂಗಸ್. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ನಾಲ್ಕು ತಿಂಗಳು ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟರೆ ಗಾಜಿನ ಮೇಲೂ ಅಣಬೆಯ ಸಂಸಾರ ಶುರುವಾಗುತ್ತದೆ. ಗಾಳಿ ಹೋಗದ ಡಬ್ಬಿ, ಅದರಲ್ಲಿ ಎರಡು ಹಿಡಿ ಸಿಲಿಕಾ ಜೆಲ್, ಅದರ ನೀಲಿ ಬಣ್ಣ ಹೋದಾಗ ಬಾಣಲೆಯಲ್ಲಿ ಮೆಲ್ಲಗೆ ಬಿಸಿ ಮಾಡಿ ಮತ್ತೆ ಹಾಕುವುದು, ಇಷ್ಟು ಮಾಡಿದ್ದರೆ ಸಾಕಿತ್ತು.

"ಇದು ಏನು?" ಎಂದು ಭಾವ ತೋರಿಸಿದರು.

"ಅದು ಡಿಸೈನ್ ಸರ್," ಎಂದ ಮಾರುವವನು. "ಫೋಟೋದಲ್ಲಿ ಬರುವುದಿಲ್ಲ."

ಅಲ್ಲಿಂದ ಹೊರಬಂದ ಮೇಲೆ ಭಾವನಿಗೆ ಹಳೆಯದರ ಮೇಲೆ ಜಿಗುಪ್ಸೆ ಬಂತು. ಬಜೆಟ್ ಆ ಸಂಜೆಯೇ ಅರವತ್ತೈದಾಯಿತು. "ಹೇಗೂ ತೆಗೆಯುವುದು ಒಂದೇ ಸಲ" ಎಂಬ ವಾಕ್ಯ ಮೊದಲ ಬಾರಿಗೆ ಮನೆಯಲ್ಲಿ ಕೇಳಿಬಂತು. ಕ್ಯಾಮೆರಾ ಬಿಟ್ಟರೆ ಈ ವಾಕ್ಯವನ್ನು ಮದುವೆ ಹಾಲ್ ಬುಕ್ ಮಾಡುವಾಗ ಮಾತ್ರ ಹೇಳುತ್ತಾರೆ.

ಈ ನಡುವೆ ಅಳಿಯನದ್ದೊಂದು ಉಪಕಥೆ. ಅವನ ಮೊಬೈಲಿನಲ್ಲಿ ನೈಟ್ ಮೋಡ್ ಇದೆ. ಗೂಗಲ್ 2018ರಲ್ಲಿ ತನ್ನ ಪಿಕ್ಸೆಲ್ ಫೋನಿಗೆ ಅದನ್ನು ತಂದಿತು, ಮರುವರ್ಷ ಐಫೋನಿಗೂ ಬಂತು, ಈಗ ಎಲ್ಲರ ಕಿಸೆಯಲ್ಲೂ ಇದೆ. ಒಂದರ ಮೇಲೊಂದು ಹಲವು ಫೋಟೋ ತೆಗೆದು, ಜೋಡಿಸಿ, ಗದ್ದಲ ಒರೆಸಿ ಕೊಡುತ್ತದೆ. ನಿಂತ ವಸ್ತುವಿಗೆ ಅದ್ಭುತ: ದೇವಸ್ಥಾನದ ಗೋಪುರ, ಬಸ್ ಸ್ಟ್ಯಾಂಡು, ಮಲಗಿದ ನಾಯಿ. ಸುತ್ತು ಹಾಕುವ ಪುಂಡುವೇಷದವನನ್ನು ಕಂಡರೆ ಮಾತ್ರ ಅದಕ್ಕೆ ಯಾವ ಕೈ ಯಾವ ಫೋಟೋದ್ದು ಎಂದು ತಿಳಿಯುವುದಿಲ್ಲ. ತಿಳಿಯದಿದ್ದಾಗ ಅದು ಸುಮ್ಮನಿರುವುದಿಲ್ಲ. 2023ರಲ್ಲಿ ಒಂದು ಹೆಸರುವಾಸಿ ಕಂಪನಿಯ ಫೋನು ಮಸುಕು ಮಾಡಿಟ್ಟ ಚಂದ್ರನ ಚಿತ್ರವನ್ನು ಕಂಡು, ಅದರಲ್ಲಿ ಇಲ್ಲದ ಕುಳಿಗಳನ್ನೂ ಬಿಡಿಸಿಕೊಟ್ಟಿತೆಂದು ಗಲಾಟೆಯೇ ಆಯಿತು. ಇನ್ನು ಸ್ವಲ್ಪ ವರ್ಷಕ್ಕೆ ಫೋನೇ ಪ್ರಸಂಗವನ್ನೂ ಬರೆದು ವೇಷವನ್ನೂ ಕಟ್ಟಿ ತೋರಿಸಿದರೆ ಭಾವ ಮನೆಯಲ್ಲೇ ಮಲಗಬಹುದು. ಸದ್ಯಕ್ಕೆ ಅಳಿಯ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತ ಅಲುಗದೆ ಕೂತ ಕಲಾವಿದರೊಬ್ಬರ ಫೋಟೋವನ್ನು ಫೋನಿನಲ್ಲಿ ತೆಗೆದ, ಕುಟುಂಬದವರೆಲ್ಲ ಹೊಗಳಿದರು. ಭಾವ "ಕ್ರಾಪ್ ಮಾಡಿದರೆ ಗೊತ್ತಾಗ್ತದೆ" ಎಂದಷ್ಟೇ ಹೇಳಿ ಎದ್ದು ಹೋದರು. ಬಜೆಟ್ ಎಂಬತ್ತೈದಾಯಿತು.

ಸಾಫ್ಟ್‌ವೇರಿನ ಪ್ರಯೋಗವೂ ಆಯಿತು. ಅಡೋಬಿಯವರು 2023ರಲ್ಲಿ ಲೈಟ್‌ರೂಮಿಗೆ ತಂದ ಡೀನಾಯ್ಸ್ ಮೆಚ್ಚುವಂಥದ್ದೇ. ರಾ ಫೈಲ್ ಕೊಟ್ಟರೆ ಎರಡು ಸ್ಟಾಪಿನಷ್ಟು ರವೆಯನ್ನು ಆರಾಮಾಗಿ ಗುಡಿಸುತ್ತದೆ, ಹಳೆಯ ಕ್ಯಾಮೆರಾಗಳಿಗೆ ಅದು ಮರುಜನ್ಮ. ಭಾವ ಹತ್ತು ವರ್ಷದಿಂದ ತೆಗೆದದ್ದೆಲ್ಲ ಜೆಪೆಗ್. ಹಾಗಾಗಿ ಬೇರೆ ಯಾವುದೋ ಪುಕ್ಕಟೆ ತಂತ್ರಾಂಶ ಹಾಕಿಕೊಂಡು ಮಹಿಷಾಸುರನ ಮುಖವನ್ನು ಅದಕ್ಕೆ ಒಪ್ಪಿಸಿದರು. ಬಣ್ಣದ ವೇಷದವರು ಗಂಟೆಗಟ್ಟಲೆ ಕನ್ನಡಿಯ ಎದುರು ಕೂತು ಅಕ್ಕಿಹಿಟ್ಟಿನಲ್ಲಿ ಒಂದೊಂದಾಗಿ ಮುಳ್ಳಿನಂತೆ ಚಿಟ್ಟಿ ಇಡುತ್ತಾರಲ್ಲ, ತಂತ್ರಾಂಶ ಅದಷ್ಟನ್ನೂ ನಾಯ್ಸ್ ಎಂದು ತಿಳಿದು ಒರೆಸಿ ಹಾಕಿತು. ಮಹಿಷಾಸುರ ಆಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದ ನೆಂಟನಂತೆ ಹೊರಬಂದ.

ಇಷ್ಟಾದ ಮೇಲೆ ಭಾವ ಇತಿಹಾಸದ ಸಹಾಯ ಪಡೆದರು. ಸ್ಟಾನ್ಲಿ ಕುಬ್ರಿಕ್ 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಬರೀ ಮೇಣದಬತ್ತಿಯ ಬೆಳಕಿನಲ್ಲಿ ದೃಶ್ಯ ತೆಗೆದ, ಅದಕ್ಕೆ ನಾಸಾಕ್ಕೆಂದು ಜೈಸ್ ಕಂಪನಿ ಮಾಡಿದ್ದ ಎಫ್/0.7ರ ಲೆನ್ಸ್ ಬಳಸಿದ, ಸಲಕರಣೆ ಒಳ್ಳೆಯದಿದ್ದರೆ ಕತ್ತಲೆಯೇ ಇಲ್ಲ ಎಂಬುದು ಅವರ ವಾದ. ಕುಬ್ರಿಕ್ ಅಂಥ ಲೆನ್ಸ್ ಇಟ್ಟುಕೊಂಡೂ ಮೂರು ಮೂರು ಬತ್ತಿಯ ಮೇಣದಬತ್ತಿಗಳನ್ನು ಸಾಲುಗಟ್ಟಿ ಉರಿಸಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟು ದೂರ ಹೋಗುವುದೇನು? ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರಲ್ಲಿ 'ಕಾಗಜ್ ಕೆ ಫೂಲ್' ತೆಗೆಯುವಾಗ ಕನ್ನಡಿಗಳಿಂದ ಸೂರ್ಯನ ಬಿಸಿಲನ್ನೇ ತಿರುಗಿಸಿ ಸ್ಟುಡಿಯೋದ ಕತ್ತಲೆಯೊಳಗೆ ಕಂಬದಂತೆ ಬೀಳಿಸಿದರು. ಆ ದೃಶ್ಯ ಇಂದಿಗೂ ಪಾಠವಾಗಿ ಉಳಿದಿದೆ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಕ್ಯಾಮೆರಾ ಮುಂದೆ ನಿಲ್ಲುವ ಬೆಳಕನ್ನು ನೋಡುವುದರಲ್ಲಿ ಆ ಮನುಷ್ಯನ ಆಯುಸ್ಸು ಕಳೆಯಿತು. ನಮ್ಮ ಭಾವನದ್ದು ಕ್ಯಾಮೆರಾದ ಹಿಂದಿನ ಮೆನು ನೋಡುವುದರಲ್ಲಿ ಕಳೆಯುತ್ತಿದೆ.

ಆಟದ ಬೆಳಕನ್ನೇ ಅವರು ಸರಿಯಾಗಿ ನೋಡಿಲ್ಲ ಎಂಬುದು ನನ್ನ ದೂರು. ದೀವಟಿಗೆಯ ಕಾಲವಲ್ಲ ಇದು, ಗ್ಯಾಸ್‌ಲೈಟಿನ ಕಾಲವೂ ದಾಟಿತು. ಈಗಿನ ರಂಗಸ್ಥಳದಲ್ಲಿ ಎಲ್‌ಇಡಿಗಳು ಕಣ್ಣು ಕುಕ್ಕುವಷ್ಟು ಇರುತ್ತವೆ. ಅವುಗಳ ತೊಂದರೆ ಕತ್ತಲೆಯಲ್ಲ, ಮಿನುಗು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಟುಕುತ್ತವೆ, ಶಟರ್ ವೇಗ ಹೆಚ್ಚಿಸಿದರೆ ಫೋಟೋಕ್ಕೆ ಅಡ್ಡಪಟ್ಟೆ ಬೀಳುತ್ತದೆ. 100ರಲ್ಲಿ ಒಂದಂಶ ಸೆಕೆಂಡಿಗೆ ಇಳಿಸಿಕೊಂಡು, ಧೀಂಗಿಣದ ತುದಿಯಲ್ಲಿ ವೇಷ ಒಂದು ಕ್ಷಣ ತೂಗಿ ನಿಲ್ಲುವುದನ್ನು ಕಾದು ಒತ್ತಿದರೆ ಪಟ್ಟೆಯೂ ಇಲ್ಲ, ಮಬ್ಬೂ ಇಲ್ಲ. ಅದಕ್ಕೆ ತಾಳ ತಿಳಿಯಬೇಕು. ಭಾವನಿಗೆ ತಾಳ ಚೆನ್ನಾಗಿ ತಿಳಿಯುತ್ತದೆ, ತೊಡೆಯ ಮೇಲೆ ಹಾಕುತ್ತಾರೆ ಕೂಡ. ಆದರೆ ಕ್ಯಾಮೆರಾ ಕೈಗೆ ಬಂದ ಕೂಡಲೇ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಯೋಚಿಸುತ್ತಾರೆ. ಇನ್ನು ಮಹಿಷಾಸುರನ ಪ್ರವೇಶ: ಜನರ ಹಿಂದಿನಿಂದ ದೊಂದಿ ಹಿಡಿದು ಬರುತ್ತಾರೆ, ರಾಳ ಎರಚಿದಾಗ ಬೆಂಕಿ ಆಳೆತ್ತರಕ್ಕೆ ಏಳುತ್ತದೆ, ಆ ಅರೆಗಳಿಗೆ ಯಾವ ಮೊಬೈಲಿಗೂ ಬೆಳಕಿನ ಬರವಿಲ್ಲ. ಭಾವ ಹಿಂದಿನ ಸಾಲಿನಲ್ಲೇ ಇರುವುದರಿಂದ ಅವನು ಅವರ ಕುರ್ಚಿಯನ್ನು ಒರೆಸಿಕೊಂಡೇ ಹೋಗುತ್ತಾನೆ. ಆದರೆ ಅಷ್ಟು ಹೊತ್ತಿಗೆ ಇವರು ಕ್ಯಾಮೆರಾ ಚೀಲವನ್ನು ತಲೆಗಿಟ್ಟು ನಿದ್ರೆ ಹೋಗಿರುತ್ತಾರೆ.

ಕೊನೆಗೂ ಕೊಂಡರು. ಒಂದು ಲಕ್ಷದ ಹನ್ನೆರಡು ಸಾವಿರ. ನೋ ಕಾಸ್ಟ್ ಇಎಂಐ ಎಂದು ಅಂಗಡಿಯವ ಹೇಳಿದ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು, ಅದನ್ನು ಓದುವವರು ಕ್ಯಾಮೆರಾ ಕೊಳ್ಳುವುದಿಲ್ಲ, ಕೊಳ್ಳುವವರು ಅದನ್ನು ಓದುವುದಿಲ್ಲ. ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರಿಂದ 28ರ ಬದಲು 18 ಆಗಿದೆ, ಹಾಗಾಗಿ ಶೇಕಡಾ 10 ಉಳಿತಾಯವೇ ಆಯಿತು ಎಂದು ಭಾವ ಅಕ್ಕನಿಗೆ ವಿವರಿಸಿದರು. ಅಕ್ಕ ಪಾಸ್‌ಬುಕ್ ತೆಗೆದು ಆ ಉಳಿತಾಯ ಎಲ್ಲಿ ಬಿದ್ದಿದೆ ಎಂದು ಹುಡುಕಿದಳು.

ಪೆಟ್ಟಿಗೆ ಬಿಚ್ಚಿದೆವು. ಫುಲ್ ಫ್ರೇಮ್, ಮಿರರ್‌ಲೆಸ್, ಕೈಯಲ್ಲಿ ಹಿಡಿದರೆ ಚಂದವೋ ಚಂದ. ಮೂತಿಯಲ್ಲಿ ಜತೆಗೇ ಬಂದ ಕಿಟ್ ಲೆನ್ಸ್. ಅಗ್ಗದ ಫುಲ್ ಫ್ರೇಮಿನ ಜತೆ ಕಂಪನಿಗಳು ಕೊಡುವ ಲೆನ್ಸುಗಳನ್ನು ಒಮ್ಮೆ ಓದಿ ನೋಡಿ: ನಿಕಾನಿನ 24-50, ಎಫ್/4ರಿಂದ 6.3. ಕ್ಯಾನನ್ನಿನ 24-105, ಎಫ್/4ರಿಂದ 7.1. ಏಳು ಪಾಯಿಂಟ್ ಒಂದು! ಭಾವನ ಹಳೆಯ ಲೆನ್ಸ್ ಅಷ್ಟು ಬಡವಾಗಿದ್ದರೂ 5.6ಕ್ಕಾದರೂ ತೆರೆಯುತ್ತಿತ್ತು. ದೊಡ್ಡ ಸೆನ್ಸರಿನಿಂದ ಸಿಕ್ಕ ಒಂದೂ ಕಾಲು ಸ್ಟಾಪಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ 7.1 ತಿಂದು ಹಾಕುತ್ತದೆ. ಲಕ್ಷ ದಾಟಿದ ಖರ್ಚಿಗೆ ಕೈಗೆ ಬಂದದ್ದು ಹೆಚ್ಚುಕಡಿಮೆ ಅರ್ಧ ಸ್ಟಾಪು, ಅದೂ ದೊಂದಿ ಹಿಡಿದವನು ಒಂದು ಹೆಜ್ಜೆ ಹತ್ತಿರ ಬಂದರೆ ಪುಕ್ಕಟೆಯಾಗಿ ಸಿಗುತ್ತಿತ್ತು. ಹಳೆಯ ಲೆನ್ಸ್ ಇದಕ್ಕೆ ಕೂರುವುದಿಲ್ಲ, ಕೂರಿಸಲು ಅಡಾಪ್ಟರ್ ಬೇಕು, ಕೂರಿಸಿದರೆ ಅದು ಚಿಕ್ಕ ಸೆನ್ಸರಿನ ಲೆನ್ಸ್ ಎಂದು ಗೊತ್ತಾಗಿ ಫುಲ್ ಫ್ರೇಮೇ ಮತ್ತೆ ಕ್ರಾಪ್ ಆಗಿ ಕೂರುತ್ತದೆ.

ಕ್ಯಾಮೆರಾ ಬಂದ ಮೇಲೆ ಭಾವ ಆಟಕ್ಕೆ ಹೋಗುವುದು ಕಡಿಮೆಯಾಗಿದೆ. ರಾತ್ರಿಯ ಮಂಜು, ಧೂಳು, ರಾಳದ ಹೊಗೆ, ಅಷ್ಟು ದುಡ್ಡಿನ ವಸ್ತು. ಈಗಿನ ಫೋಟೋಗಳೆಲ್ಲ ಮಧ್ಯಾಹ್ನದವು: ಅಂಗಳದ ದಾಸವಾಳ, ಹಲಸಿನ ಮರ, ಬಾವಿಕಟ್ಟೆಯ ಮೇಲೆ ಕೂತ ಕಾಜಾಣ. ಎಲ್ಲ ಐಎಸ್‌ಒ ನೂರರಲ್ಲಿ. "ಫುಲ್ ಫ್ರೇಮಿನ ಬಣ್ಣ ನೋಡು" ಎಂದು ತೋರಿಸುತ್ತಾರೆ, ಬಣ್ಣ ನಿಜಕ್ಕೂ ಚೆನ್ನಾಗಿದೆ.

ಕಾಜಾಣ ಸಣ್ಣದಾಗಿ ಬಂತು ಎಂಬುದೇ ಅವರ ಈಗಿನ ಬೇಸರ. ಮೊನ್ನೆ ಹೋದಾಗ ಮೊಬೈಲ್ ಮುಂದೆ ಹಿಡಿದರು.

"ಹಕ್ಕಿಗೆ ಒಂದು ಲೆನ್ಸ್ ನೋಡಿಟ್ಟಿದ್ದೇನೆ ಮಾರಾಯ. 600 ಎಂಎಂ. ಹಗುರ ಉಂಟು. ಬಜೆಟ್ಟಿನ ಒಳಗೇ ಬರ್ತದೆ."

"ಅಪರ್ಚರ್ ಎಷ್ಟು ಭಾವ?"

"ಎಫ್/11."

"ಹನ್ನೊಂದಾ? ಹಳೆಯದರ ಕಾಲು ಭಾಗದಷ್ಟೇ ಬೆಳಕು ಬರುವುದಲ್ಲ! ನೀವು ಹೊರಟದ್ದು ಕತ್ತಲೆಗೆ ಅಲ್ವಾ?"

"ಅದಕ್ಕೆಂತ?" ಎಂದರು ಭಾವ. "ಫುಲ್ ಫ್ರೇಮ್ ಉಂಟಲ್ಲ."